ಹೊಗೆಯಾಡುವ ಪೆಟ್ಟಿಗೆ

ದೇವದಾಸನ ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದ ಕಿಟ್ಟುವಿನ ಬಾಯಿಗೆ ಮುಂಡಪ್ಪ ಮುಷ್ಟಿ ಬಿಗಿದು ಗುದ್ದಿದ. ತುಟಿ ಒಡೆಯಿತು. ಡೊಂಬಿವಲಿಯ ಆ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಸೇರಿದ್ದವರು ಹಿಂದೆ ಸರಿದರು.

"ಅಣ್ಣನಿಗೆ ಹೊಡೆದವರಲ್ಲಿ ತಾನೂ ಇದ್ದೆ ಅಂತಾನೆ, ಅತ್ತಿಗೆ! ಹತ್ತು ವರ್ಷ ಪಕ್ಕದ ಮನೆಯಲ್ಲಿದ್ದವ!" ಮುಂಡಪ್ಪ ಕಾಲೆತ್ತಿ ಒದ್ದ.

"ಅರೇ, ಸೋಡ ತ್ಯಾಲಾ! ಬಿಡು ಅವನನ್ನ!" ಎಂದು ಕೆಳಮನೆಯ ಚಂದ್ರಬಾಯಿ ಅವನ ತೋಳಿಗೆ ಜೋತುಬಿದ್ದಳು.

ಕಿಟ್ಟು ತಪ್ಪಿಸಿಕೊಳ್ಳಲಿಲ್ಲ. "ಮುಖ ಕಾಣಲಿಲ್ಲ, ಜಯಕ್ಕ. ಎಲ್ಲರೂ ಬಾಂಬ್ ಬಾಂಬ್ ಅಂತ ಕಿರುಚ್ತಾ ಇದ್ರು," ಎಂದ.

*

ದೇವದಾಸ್ ರಬಾಳೆಯ ಲ್ಯಾಬೊಂದರಲ್ಲಿ ಟೆಕ್ನಿಶಿಯನ್. ಇಲಿಜಾತಿಯ ಪ್ರಾಣಿಯೊಂದರ ಜೀವಕೋಶಗಳೊಳಗೆ ಮನುಷ್ಯನ ಜೀನು ಸೇರಿಸಿ, ನೀರಿನ ಬಾಟಲಿಯಷ್ಟಿರುವ ಬಯೋರಿಯಾಕ್ಟರಿನಲ್ಲಿ ಬೆಳೆಸುವುದು ಅವನ ಕೆಲಸ. ನೂರು ಸಲ ಕೆಟ್ಟ ಮೇಲೆ ಒಂದು ತಳಿ ನಿಂತು, ಗಾಯದ ರಕ್ತ ನಿಲ್ಲಿಸುವ ಪ್ರೋಟೀನು ಕೊಡತೊಡಗಿತ್ತು. ಆ ದಿನ ಕರೆಂಟು ಹೋಯಿತು, ಜನರೇಟರೂ ಕೈಕೊಟ್ಟಿತು. ಫ್ರೀಜರಿನಲ್ಲಿದ್ದ ಕೋಶಗಳ ಶೀಶೆಗಳನ್ನು ಡ್ರೈ ಐಸ್ ತುಂಬಿದ ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು, ಥಾಣೆಯ ಇನ್ನೊಂದು ಲ್ಯಾಬಿಗೆಂದು ಲೋಕಲ್ ರೈಲು ಹತ್ತಿದ. ಲ್ಯಾಬಿನ ಕಾರಿಗೆ ಕಾಯುವಷ್ಟು ಪುರುಸೊತ್ತಿರಲಿಲ್ಲ.

ಅದು 2006ರ ಜುಲೈ. ಲೋಕಲ್‌ಗಳಲ್ಲಿ ಬಾಂಬು ಸಿಡಿದು ವಾರವಷ್ಟೇ ಆಗಿತ್ತು. ಮುಚ್ಚಳದ ಸಂದಿನಿಂದ ಡ್ರೈ ಐಸಿನ ಬಿಳಿ ಹೊಗೆ ಇಳಿಯಿತು. "ಖೋಲ್!" ಎಂದರು ಸುತ್ತಲಿದ್ದವರು. ಕೈಬಿಟ್ಟರೆ ಹಳಿಗೆ ಎಸೆಯುತ್ತಾರೆಂದು ಅವನು ಪೆಟ್ಟಿಗೆಯನ್ನು ತಬ್ಬಿ ಕೂತುಬಿಟ್ಟ. ಹುಚ್ಚ! ತೆರೆದು ತೋರಿಸಿದ್ದರೆ ಬದುಕುತ್ತಿದ್ದನೋ ಏನೋ. ಬೆಲ್ಟು, ಟಿಫಿನ್ ಡಬ್ಬಿ, ಬೂಟುಗಾಲು, ಸಿಕ್ಕಿದ್ದರಲ್ಲಿ ಹೊಡೆದರು. ಐರೋಲಿ ದಾಟುವಷ್ಟರಲ್ಲಿ ತಲೆ ಒಡೆದಿತ್ತು. ಥಾಣೆ ಬಂದಾಗ ಹೊಡೆದವರೆಲ್ಲ ಇಳಿದು ಮಾಯವಾದರು. ಜನರ ನಡುವಿನಿಂದ ಕೈ ತೂರಿಸಿ, ಕಂಡಷ್ಟು ತಲೆಯ ಎಡಬದಿಗೆ ಹೊಡೆದಿದ್ದ ಕಿಟ್ಟು ಆ ಮುಖ ನೋಡಿದ್ದು ಆಗಲೇ. ನೋಡಿ ಅವನೂ ಓಡಿದ.

*

ಜಯಲತಾ ಅಳುತ್ತಿರಲಿಲ್ಲ. ಕಿಟ್ಟುವಿನ ಕೊರಳಪಟ್ಟಿ ಹಿಡಿದು ಚಟ್ಟದ ಬಳಿಗೆ ಎಳೆದಳು. ಗಂಡನ ಮುಖದ ಮೇಲಿನ ಬಟ್ಟೆ ಕಿತ್ತಳು. ಬಾವು, ಹೊಲಿಗೆ, ಕರಿಗಟ್ಟಿದ ರಕ್ತ. ಮುಂಡಪ್ಪನೇ ಮುಖ ತಿರುಗಿಸಿದ.

"ಇಷ್ಟು ಪೆಟ್ಟು ಉಂಟು. ಇದರಲ್ಲಿ ನಿಮ್ಮದು ಯಾವುದು?"

"ಬೇಡ ಜಯಕ್ಕ..."

"ಪಬ್ಲಿಕ್ ಹೊಡೆದದ್ದು ಅಂತ ಪೊಲೀಸರು ಬರ್ಕೊಂಡ್ರು. ಪಬ್ಲಿಕ್ ಅಂದ್ರೆ ಯಾರು? ನನಗೆ ಒಬ್ಬನಾದ್ರೂ ಬೇಕು. ತೋರಿಸಿ!"

ಕಿಟ್ಟು ಬಿಕ್ಕಿದ. ಅವನ ಬೆರಳು ಹೆಣದ ಎಡಗಣ್ಣಿನ ಬದಿಗೆ ಹೋಗಿ ನಿಂತಿತು. ತಣ್ಣಗಿನ ಚರ್ಮ ತಾಗಿದ್ದೇ ಕೈ ಹಿಂದೆಳೆಯಹೋದ.

ಅವಳು ಆ ಬೆರಳನ್ನು ಎರಡೂ ಕೈಯಿಂದ ಹಿಡಿದು ಹೊಲಿಗೆಯ ಮೇಲೆ ಅದುಮಿದಳು. ಹೊತ್ತಾಯಿತು, ಎತ್ತಿ ಎಂದು ಯಾರೋ ಹೇಳಿದರು. ಅವಳು ಬಿಡಲಿಲ್ಲ.