ಎರಡು ರಾಣಿ ರೂಪಾಯಿ

ಹೊಳಲಿನ ನಾಗರತ್ನ ಕೊಟ್ಟೂರಿನ ಬೆಳ್ಳಿ ಅಂಗಡಿಗೆ ಬಂದದ್ದು, ಕೊರಳಲ್ಲಿದ್ದ ರಾಣಿ ಛಾಪಿನ ರೂಪಾಯಿಯ ಕೊಂಡಿ ಸಡಿಲಾಗಿದೆಯೆಂದು. ಅಂಗಡಿಯ ಹಂಪೇಶನಿಗೆ ಹಳೆಯ ನಾಣ್ಯಗಳ ಹುಚ್ಚು. ಕೊಂಡಿ ಬೆಸೆಯುವ ಮೊದಲು ಅದನ್ನು ಭೂತಗನ್ನಡಿಯ ಕೆಳಗಿಟ್ಟು ಬಹಳ ಹೊತ್ತು ನೋಡಿದ.

"ಇದರ ಮ್ಯಾಲೆ ಹದಿನೆಂಟುನೂರಾ ಅರವತ್ತೆರಡು ಅಂತ ಐತಿ. ಅದು ಖರೆ ಇಸವಿ ಅಲ್ರಿ. ಮುಂದ ಎಷ್ಟೋ ವರ್ಷ ಇದನ್ನ ಒತ್ತಿದ್ರು. ಕೆಳಗಿನ ಚುಕ್ಕಿ ನೋಡಿ ವರ್ಷ ತಿಳ್ಕೋಬೇಕು."

ಖುಷಿಯಲ್ಲಿ ಒಳಗಿನಿಂದ ಕೊಂಡಿ ಇದ್ದ ಇನ್ನೊಂದು ರೂಪಾಯಿ ತಂದು ಪಕ್ಕದಲ್ಲಿಟ್ಟ. ಅದರಲ್ಲಿ ಅಂಚಿನಿಂದ ಹೊರಟ ಸಣ್ಣ ಗೆರೆಯೊಂದು ರಾಣಿಯ ಕೊರಳನ್ನು ಅಡ್ಡ ದಾಟಿತ್ತು.

"ಎರಡೂ ಒಂದೇ ಅಚ್ಚಿನವು. ನಿಮ್ಮದು ಮೊದಲು ಬಿದ್ದದ್ದು. ಅಂಚಿನಾಗ ಗೆರಿ ಈಗ ಸುರುವಾಗೈತಿ, ನೋಡ್ರಿ. ಆಮ್ಯಾಲೆ ಅಚ್ಚು ಪೂರಾ ಸೀಳೈತಿ. ಆವಾಗ ಬಿದ್ದದ್ದು ಇದು."

ನಾಗರತ್ನ ಕೇಳಿಸಿಕೊಳ್ಳುತ್ತಿರಲಿಲ್ಲ.

"ಕೊರಳಿನ ಈ ಗೆರಿ ಸಣ್ಣಾಕಿ ಇದ್ದಾಗಿಂದ ನೋಡೀನಿ. ಇದು ನಮ್ಮಕ್ಕಂದು," ಎಂದಳು.

ಅಜ್ಜಿ ಇಬ್ಬರು ಮೊಮ್ಮಕ್ಕಳ ಕೊರಳಿಗೂ ಕರಿದಾರದಲ್ಲಿ ಒಂದೊಂದು ಕಟ್ಟಿದ್ದಳು. ಕೆಲವು ವರ್ಷಗಳ ಹಿಂದೆ ಅಕ್ಕ ಹಂಪಮ್ಮ, ಮದುವೆ ಗೊತ್ತಾದ ವರ್ಷವೇ, ಬಟ್ಟೆ ಒಗೆಯಲು ಹೊಳೆಗೆ ಹೋದವಳು ಮರಳಲಿಲ್ಲ. ದಂಡೆಯ ಮೇಲೆ ಒದ್ದೆ ಬಟ್ಟೆಯ ಗಂಟು ಸಿಕ್ಕಿತು. ಹೆಣ ಸಿಗಲಿಲ್ಲ. ತಿಂಗಳು ಕಾದು ತಿಥಿ ಮಾಡಿದ್ದರು.

ಹಂಪೇಶನ ದನಿ ತಗ್ಗಿತು. "ಆ ಅಚ್ಚಿನಾಗ ಕಡೀಗೆ ಬಿದ್ದ ರೂಪಾಯಿಗೆಲ್ಲ ಈ ಗೆರಿ ಇರ್ತೈತ್ರಿ. ಕೊಂಡಿ ಹಾಕಿಸಿದವರೂ ಭಾಳ ಮಂದಿ."

"ಈ ಗೆರಿ ಇದ್ದದ್ದು ಇನ್ನೊಂದು ನೋಡೀರೇನು?"

ಅವನು ಇಲ್ಲವೆಂದು ತಲೆಯಾಡಿಸಿದ. ಅವಳದರ ಕೊಂಡಿ ಬೆಸೆದು, ಎರಡನ್ನೂ ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟು, ತನಗೆ ಮಾರಿದವನು ಹರಪನಹಳ್ಳಿಯ ಹಳೇ ಬೆಳ್ಳಿ ವ್ಯಾಪಾರಿ ಸಿದ್ದಲಿಂಗ ಎಂದು ಹೇಳಿ ದಾರಿ ತಿಳಿಸಿದ.

ಅವಳು ಅಲ್ಲಿಂದಲೇ ಬಸ್ಸು ಹತ್ತಿದಳು. ಸಿದ್ದಲಿಂಗನ ಅಂಗಡಿಯ ಮೆಟ್ಟಿಲಿಗೆ ಕಾಲಿಟ್ಟಾಗ ಅವನು ತಕ್ಕಡಿಯಿಂದ ತಲೆಯೆತ್ತಿದ.

"ಬರ್ರಮ್ಮ. ನಿಮ್ಮ ರೂಪಾಯಿ ಕೊಟ್ಬಿಟ್ಟೆನಲ್ಲ, ಕೊಟ್ಟೂರಿನವರು ಒಯ್ದರು. ತಿರುಗಿ ಕೇಳ್ಕೊಂಡು ಬರ್ತೀರ ಅಂತ ಅಂದ್ಕೊಂಡಿರಲಿಲ್ಲ."

ಆ ಅಂಗಡಿಗೆ ನಾಗರತ್ನ ಹಿಂದೆಂದೂ ಬಂದವಳಲ್ಲ.

"ನಾ ಯಾವಾಗ ಬಂದಿದ್ನಿ?"

"ಹೋದ ದೀಪಾವಳಿ ಮುಂದೆ. ಕರಿದಾರ ನೀವೇ ಹರಿದು ಕೊಟ್ಟಿರಿ."

"ಆಕಿ ನಾನಲ್ರಿ. ನಮ್ಮಕ್ಕ, ನೋಡಾಕ ನನ್ನಂಗ ಇದ್ಲು. ನೀರಿಗೆ ಹೋದ್ಲು ಅಂತ ತಿಥಿ ಮಾಡೀವಿ."

ಸಿದ್ದಲಿಂಗ ಕನ್ನಡಕ ತೆಗೆದು ಅವಳ ಮುಖವನ್ನೇ ನೋಡಿದ. ಕುಡಿಯಲು ನೀರು ಕೊಟ್ಟ.

"ಚೆನ್ನಾಗೇ ಇದ್ರಮ್ಮ. ಮೈ ತುಂಬಿಕೊಂಡಿದ್ರು. ಯಾವೂರು ಅಂತ ಕೇಳಿದೆ. ನಕ್ಕರು, ಹೇಳಲಿಲ್ಲ."

ಬಸ್ಸಿನಲ್ಲಿ ಹಿಂತಿರುಗುವಾಗ ನಾಗರತ್ನಳಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಆ ನಗುವೊಂದು ಕಿವಿಯಿಂದ ಹೋಗಲೇ ಇಲ್ಲ. ತಾನು ಕೇಳದ ನಗು, ತನ್ನದೇ ಬಾಯಿಂದ ಬಂದಂತೆ ಅನಿಸುತ್ತಿತ್ತು.

ಮನೆಯಲ್ಲಿ ತಾಯಿ ಬೊಮ್ಮಮ್ಮನಿಗೆ ಎಲ್ಲವನ್ನೂ ಹೇಳಿದಳು. ಬೊಮ್ಮಮ್ಮ ಅಳಲಿಲ್ಲ.

"ಜೀವಂತ ಅದಾಳಂತೇನು?"

"ಅದಾಳಂತ."

"ಮತ್ತ ಯಾಕ ಬರಲಿಲ್ಲ?"

ತಾಯಿ ಎದ್ದು, ಹಾರ ಹಾಕಿದ್ದ ಹಂಪಮ್ಮನ ಫೋಟೋವನ್ನು ಗೋಡೆಯಿಂದ ಇಳಿಸಿ, ಹಾರ ಬಿಚ್ಚಿ, ಸೀರೆಗಳ ನಡುವೆ ಇಟ್ಟಳು.

ಬೊಮ್ಮಮ್ಮನ ಕಣ್ಣು ಚೆನ್ನಾಗಿದೆ. ದೂರದಿಂದಲೇ ನೆಂಟರ ಗುರುತು ಹಿಡಿಯುತ್ತಾಳೆ. ಆದರೂ ಈಗ ನಾಗರತ್ನ ಹೊಲದಿಂದ ಬಂದು ಹೊಸ್ತಿಲಲ್ಲಿ ನಿಂತರೆ, ಕೂತಲ್ಲಿಂದ ಅರ್ಧ ಎದ್ದು ಕೇಳುತ್ತಾಳೆ:

"ಯಾರವ್ವ?"

"ನಾನು, ನಾಗರತ್ನ."

"ಹೌದಾ, ಬಾ," ಎಂದು ಮತ್ತೆ ಕೂರುತ್ತಾಳೆ. ಅಷ್ಟರಲ್ಲಿ ತಾಯಿಯ ಮುಖದಲ್ಲಿ ಆರಿಹೋಗುವ ಬೆಳಕನ್ನು ನಾಗರತ್ನ ಈಗ ನೋಡುವುದಿಲ್ಲ. ತಲೆ ತಗ್ಗಿಸಿಕೊಂಡೇ ಒಳಗೆ ಬರುತ್ತಾಳೆ.