ಗಂದೆ ಉಜ್ಜಿದ ಕಂಬಳಿ

ನಾನು ಒಂದು ಕರಿ ಕಂಬಳಿ. ಚಳ್ಳಕೆರೆ ಕಡೆಯ ಹಟ್ಟಿಯೊಂದರಲ್ಲಿ ಕುರಿಗಳ ಮೈಮೇಲೆ ಹುಟ್ಟಿ, ಮಗ್ಗದಲ್ಲಿ ಹುಣಸೆಬೀಜದ ಗಂಜಿ ಕುಡಿದು ಗಟ್ಟಿಯಾದವನು. ನನ್ನನ್ನು ನೇಯ್ದ ಈರಜ್ಜ, ಮಗಳು ಓಬಳಮ್ಮ ಗಂಡನ ಮನೆಗೆ ಹೊರಟಾಗ ನನ್ನನ್ನೂ ಜೊತೆಗೆ ಕಳಿಸಿದ.

ಅಲ್ಲಿ ನನಗೆ ಹೊದಿಕೆಯ ಕೆಲಸಕ್ಕಿಂತ ವೈದ್ಯನ ಕೆಲಸವೇ ಹೆಚ್ಚು. ಓಣಿಯಲ್ಲಿ ಯಾರಿಗೆ ಪಿತ್ತಗಂದೆ ಎದ್ದು ಮೈಯೆಲ್ಲ ದದ್ದಾದರೂ ಓಬಳಮ್ಮ ನನ್ನಿಂದ ಗಸಗಸ ಉಜ್ಜುತ್ತಿದ್ದಳು. ಸ್ವಲ್ಪ ಹೊತ್ತಿಗೆ ಗಂದೆ ತಾನಾಗಿ ಇಳಿಯುತ್ತಿತ್ತು, ಹೆಸರು ನಮಗೆ ಬರುತ್ತಿತ್ತು. ನನಗೂ ಕೊಂಬು ಬಂದಿತ್ತು ಅನ್ನಿ.

ವರ್ಷಗಳು ಕಳೆದು ಓಬಳಮ್ಮನೂ ಅತ್ತೆಯಾದಳು. ಒಂದು ದಿನ ಸೊಸೆ ದಾಕ್ಷಾಯಿಣಿ ಗಂಟಲುನೋವಿಗೆಂದು ಔಷಧಿ ಅಂಗಡಿಯ ಮಾತ್ರೆ ನುಂಗಿದಳು. ಮುದ್ದೆ ತಿರುವುತ್ತಿದ್ದವಳು ಕೈ ಕೆರೆದುಕೊಳ್ಳತೊಡಗಿದಳು. ಮಾತ್ರೆಯಿಂದಲೋ ಏನೋ ಎಂದಳು. ಅತ್ತೆ ಒಪ್ಪಲಿಲ್ಲ, ಚಳಿಗಾಲದಲ್ಲಿ ಇದೇ ಮಾತ್ರೆ ನುಂಗಿದಾಗ ಏನೂ ಆಗಿರಲಿಲ್ಲವಲ್ಲ. ನನ್ನನ್ನು ತಂದು ಉಜ್ಜಿದಳು. ಉಜ್ಜಿದಲ್ಲೆಲ್ಲ ದದ್ದು ಇನ್ನೂ ದಪ್ಪಗೆ ಎದ್ದಿತು. ಮತ್ತೂ ಉಜ್ಜಿದಳು. ತುಟಿ ಊದಿಕೊಂಡಿತು.

“ಅತ್ತೆ, ಉಸ್ರು ಕಟ್ತೈತೆ,” ಎಂದಳು ದಾಕ್ಷಾಯಿಣಿ.

ಓಬಳಮ್ಮನ ಕೈ ನಿಂತಿತು. ಸೊಸೆಯನ್ನು ನನ್ನಲ್ಲೇ ಸುತ್ತಿ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ತೊಡೆಗೆ ಇಂಜೆಕ್ಷನ್ ಕೊಟ್ಟರು. ಜೀವ ಉಳಿಯಿತು.

ಆಮೇಲೆ ಅವರು ಬಿಡಿಸಿ ಹೇಳಿದರು. ಮೈಗೆ ಒಗ್ಗದ್ದು ಮೊದಲ ಸಲ ಒಳಗೆ ಹೋದಾಗ ಹೊರಗೆ ಏನೂ ಕಾಣದೇ ಇರಬಹುದು. ದೇಹ ಮಾತ್ರ ಅದನ್ನು ವೈರಿಯೆಂದು ಗುರುತಿಟ್ಟುಕೊಂಡು, ಚರ್ಮದಡಿಯ ಕಾವಲು ಕಣಗಳನ್ನು ಸಜ್ಜುಮಾಡಿ ಕಾಯುತ್ತದೆ. ಅದು ಮತ್ತೆ ಬಂದಾಗ ಆ ಕಣಗಳು ತಮ್ಮೊಳಗಿನ ರಸವನ್ನು ಒಮ್ಮೆಲೇ ಚೆಲ್ಲುತ್ತವೆ. ಸಣ್ಣ ರಕ್ತನಾಳಗಳು ಸೋರಿ ಚರ್ಮ ಉಬ್ಬುತ್ತದೆ, ತುರಿಸುತ್ತದೆ. ಕೆಲವರಿಗೆ ಉಸಿರಿನ ದಾರಿಯೂ ಬಿಗಿಯುತ್ತದೆ. ಉಜ್ಜಿದರೆ ಆ ಕಣಗಳು ಇನ್ನಷ್ಟು ಕೆರಳುತ್ತವೆ.

ಓಬಳಮ್ಮ ಸೊಸೆಯ ಕಾಲ ಬಳಿ ಕೂತು ಅತ್ತಳು. ನನಗೂ ನಾಚಿಕೆಯಾಯಿತು. ಇಷ್ಟು ವರ್ಷ ಯಾರ ಯಾರ ಮೈ ಕೆರಳಿಸಿದ್ದೆನೋ.

ಈಗ ನಾನು ನುಸಿ ತಿಂದ ಮುದುಕ, ಓಬಳಮ್ಮ ಜಗಲಿಯಲ್ಲಿ ಕೂರುವ ಹಾಸು. ಮೊನ್ನೆ ಪಕ್ಕದ ಮನೆಯ ನಿಂಗಕ್ಕ, ಮಗಳಿಗೆ ಗಂದೆ ಎದ್ದಿದೆಯೆಂದು ನನ್ನನ್ನು ಕೇಳಿಕೊಂಡು ಓಡಿಬಂದಳು. ಓಬಳಮ್ಮ ಮೇಲೇಳಲಿಲ್ಲ.

“ಕಂಬ್ಳಿ ಕೊಡಲ್ಲ ಕಣೆ. ಏನ್ ತಿಂದ್ಲು ಕೇಳು, ಉಸ್ರು ಹೆಂಗೈತೆ ನೋಡು. ಆಸ್ಪತ್ರೆಗೆ ಹೊರಡು.”

ದಾಕ್ಷಾಯಿಣಿ ಆಟೋ ಕರೆಯಲು ಓಡಿದಳು. ಓಬಳಮ್ಮ ನನ್ನ ಮೇಲೆ ಇನ್ನಷ್ಟು ಭಾರವಾಗಿ ಕೂತಳು. ವೈದ್ಯನೆಂದು ಮೆರೆದವನು ನಾನು. ಒಬ್ಬರಿಗೆ ನಿಜವಾಗಿ ಒಳ್ಳೆಯದು ಮಾಡಿದ್ದು, ಅಂದು ಅವಳಡಿಯಲ್ಲಿ ಸುಮ್ಮನೆ ಬಿದ್ದಿದ್ದಾಗ.