ಉರಿಯುವ ಲೋಷನ್ನು

ತಮ್ಮನ ಮಗನ ಕೈಯ ಇಸುಬು ಮತ್ತೆ ಕೆರಳಿತ್ತು. ಚಿಕ್ಕಂದಿನಲ್ಲಿ ಮೊಣಕಾಲ ಹಿಂದೆ ಇದ್ದದ್ದು, ಹೋಯಿತು ಅಂದುಕೊಂಡಿದ್ದೆವು. ನಲವತ್ತರ ಹತ್ತಿರ ಬೆರಳ ಸಂದಿಗೆ ಬಂದು ಕೂತಿತು. ಹೋಗುತ್ತದೆ, ಬರುತ್ತದೆ, ಹೇಳಿ ಕೇಳಿ ಬರುವ ನೆಂಟನಲ್ಲ. ಊಟದ ಮಧ್ಯೆ, ಮಾತಿನ ಮಧ್ಯೆ ತುರಿಕೆ. “ತುರಿಸ್ಕೋಬೇಡ” ಅಂತ ಬಿಟ್ಟಿ ಬುದ್ಧಿ ಹೇಳುವವರೇ ಎಲ್ಲ.

ಅವನು ಕೆಲಸ ಮಾಡುವ ನಮ್ಮ ಕ್ಷೌರದ ಅಂಗಡಿಯಲ್ಲಿ ಕೈ ಒಣಗುವುದೇ ಇಲ್ಲ. ನೊರೆ, ನೀರು, ಮತ್ತೆ ನೊರೆ. ಡಾಕ್ಟರಮ್ಮ ಹೇಳಿದ್ದರು: ಇದು ಅಂಟುವುದಿಲ್ಲ, ಕೆರಳಿದಾಗ ಮುಲಾಮು, ಕೈ ತೊಳೆದಾಗಲೆಲ್ಲ ವಾಸನೆಯಿಲ್ಲದ ಕ್ರೀಮು, ನೀರಿನ ಕೆಲಸಕ್ಕೆ ಗ್ಲೌಸು. ಅವನು ಹಾಗೇ ಮಾಡುತ್ತಿದ್ದ. ಆ ಗ್ಲೌಸು ಕಂಡರೆ ನನ್ನ ಅಳಿಯನಿಗೆ ಆಗದು. ನನ್ನ ಕೈ ನಡುಗತೊಡಗಿದ ಮೇಲೆ ಅಂಗಡಿ ನಡೆಸುವವನು ಅಳಿಯನೇ. ನಾನು ಮೂಲೆಯ ಬೆಂಚಿನ ಮೇಲೆ.

“ಇದೇನು ಆಪರೇಷನ್ ಥಿಯೇಟರಾ? ಗಿರಾಕಿ ಹೆದರ್ತಾರೆ, ಬಿಚ್ಚು,” ಅಂದ ಅಳಿಯ ಅವತ್ತು.

ತಮ್ಮನ ಮಗ ಬಿಚ್ಚಿದ. ಬೆರಳೆಲ್ಲ ಬಿರುಕು, ಕೆಂಪು. ಕುರ್ಚಿಯಲ್ಲಿದ್ದ ಗಡಿಯಾರ ರಿಪೇರಿಯವನು ಕತ್ತು ಹಿಂದಕ್ಕೆಳೆದುಕೊಂಡ. “ಕಜ್ಜಿ ಕೈಲಿ ನನ್ನ ಮುಖ ಮುಟ್ಟಬೇಡಪ್ಪ.”

“ತಾಳಿ, ಈಗ್ಲೇ ವಾಸಿ ಮಾಡ್ತೀನಿ,” ಅಂತ ಅಳಿಯ, ಬೋಳಿಸಿದ ಕೆನ್ನೆಗೆ ಹಚ್ಚುವ ಲೋಷನ್ನು ತೆಗೆದು ಆ ಬಿರುಕುಗಳ ಮೇಲೆ ಸುರಿದೇಬಿಟ್ಟ. “ಉರೀಲಿ. ಉರಿದ್ರೇ ಕ್ರಿಮಿ ಸಾಯೋದು.”

ನಮ್ಮ ಕಸುಬಿನವರ ತಲೆಯಲ್ಲಿ ಕೂತ ಹುಚ್ಚು ಅದು. ಬ್ಲೇಡು ತಾಗಿದ ಕಡೆಗೆಲ್ಲ ಲೋಷನ್ನೇ ಔಷಧಿ, ಉರಿದಷ್ಟೂ ಗುಣ. ತಮ್ಮನ ಮಗ ಕುಸಿದು ಕೂತು ಕೈಗಳನ್ನು ಹೊಟ್ಟೆಗೆ ಒತ್ತಿಕೊಂಡ. ಅಳಿಯ ನಕ್ಕ. “ನಾಳೆಯಿಂದ ಕೂದಲು ಗುಡಿಸು. ಕುರ್ಚಿ ಹತ್ರ ಬರ್ಬೇಡ.”

ನನಗೆ ಮಾತು ಕಡಿಮೆ. ಅವತ್ತು ಎದ್ದೆ.

“ನಿನ್ನ ಕೈ ಗೀರಿ ಅದನ್ನೇ ಸುರೀಲಾ?”

“ಮಾವ, ನೀವು ಕೂತ್ಕೊಳ್ಳಿ. ವ್ಯಾಪಾರ ಅಂದ್ಮೇಲೆ...”

“ಬಾಯ್ಮುಚ್ಚು! ಅಂಗಡಿ ನಿನ್ನ ಕೈಗೆ ಕೊಟ್ಟಿದ್ದು ಮಗಳ ಮುಖ ನೋಡಿ, ನಿನ್ನ ಮುಖ ನೋಡಿ ಅಲ್ಲ. ಇರೋದು ಎರಡು ಕುರ್ಚಿ, ಒಂದು ಅವನದು. ಅವನನ್ನ ಅದರ ಹತ್ರ ಬಿಡ್ದಿದ್ರೆ ನೀನೂ ಕತ್ತರಿ ಇಟ್ಟು ನಡಿ.”

ಗಡಿಯಾರದವನು ಕೊರಳ ಬಟ್ಟೆ ಕಿತ್ತು ಎದ್ದ. “ನಾನು ಬೇರೆ ಅಂಗಡಿ ನೋಡ್ಕೋತೀನಿ.”

“ಧಾರಾಳವಾಗಿ,” ಅಂದೆ ನಾನು. “ಬಾಗಿಲು ಎಳ್ಕೊಂಡು ಹೋಗಿ, ಧೂಳು ಬರ್ತದೆ.”

ತಮ್ಮನ ಮಗ ಕೈಗೆ ತಣ್ಣೀರು ಬಿಟ್ಟುಕೊಂಡು, ಉಜ್ಜದೆ ಒತ್ತಿ ಒರೆಸಿ, ಕ್ರೀಮು ಮೆತ್ತಿಕೊಂಡ. ಅಳಿಯನನ್ನು ನೋಡಿದ ಕಣ್ಣು ಕೆಂಡ. ನಾನು ಅವನ ಕುರ್ಚಿಯಲ್ಲಿ ಕೂತು ಕ್ಷೌರಕ್ಕೆಂದು ಗಡ್ಡ ಎತ್ತಿದೆ.

“ಇವತ್ತು ಆಗಲ್ಲ ದೊಡ್ಡಪ್ಪ. ಬೆರಳು ಮಡಚೋಕಾಗ್ತಿಲ್ಲ. ದಿನಗಟ್ಲೆ ಹಿಡೀಬಹುದು.”

“ಹಿಡೀಲಿ. ಅಲ್ಲೀವರೆಗೆ ಈ ಕುರ್ಚೀಲಿ ನಾನೇ ಕೂತಿರ್ತೀನಿ. ನನ್ನ ಗಡ್ಡಕ್ಕೆ ನಿನ್ನ ಕೈಯೇ ಆಗ್ಬೇಕು.”